ಮಠಗಳೂ ಸಂಗೀತಶಿಕ್ಷಣವೂ
(ಮಹೋತ್ಸವದ ಎರಡನೆಯ ದಿನ ಮಾಡಿದ ಉಪನ್ಯಾಸ)

 

ಸಂಗೀತ, ಚಿತ್ರ ಮೊದಲಾದ ಕಲೆಗಳಿಂದ ಮಕ್ಕಳಿಗೆ ಹಿಂದಿನವರ ನೆನಪನ್ನು ಕಲಿಸುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರಿಂದ ಅಪ್ಪಣೆಯಾಗಿದೆ. ನಾನು ಗವಾಯಿಯಲ್ಲ, ಶಾಲೆಯಲ್ಲಿ ಇತಿಹಾಸವನ್ನು ಕಲಿಸಿ ಹೊಟ್ಟೆ ಹೊರೆದುಕೊಂಡವನು. ಸ್ವರತಾಳಗಳ ಸೂಕ್ಷ್ಮವನ್ನು ನನ್ನಿಂದ ಯಾರೂ ಅಪೇಕ್ಷಿಸಬಾರದು. ನನಗೆ ತಿಳಿದ ಒಂದು ವೃತ್ತಾಂತವನ್ನು ಹೇಳಿ, ಬಳಿಕ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡುವೆನು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಒಂದು ಜಂಗಮ ಮನೆತನದಲ್ಲಿ ಗದಿಗೆಯ್ಯನೆಂಬ ಕೂಸು ಹುಟ್ಟಿತು. ಕೂಸಿಗೆ ಕಣ್ಣಿಲ್ಲ. ಅದರ ಅಣ್ಣ ಗುರುಬಸಯ್ಯನಿಗೂ ಕಣ್ಣಿಲ್ಲ. ಅಂತಹ ಮಕ್ಕಳಿಗೆ ಆ ಕಾಲದಲ್ಲಿ ಯಾವ ಗತಿಯಿತ್ತೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಮನೆಯ ಮೂಲೆ, ಇಲ್ಲವೆ ಜಾತ್ರೆಯ ದಾರಿ. ಹಾನಗಲ್ಲ ಕುಮಾರಸ್ವಾಮಿಗಳವರು ಆ ಹುಡುಗರ ಕಂಠವನ್ನು ಕೇಳಿದರು. ಕರೆತಂದು ವಿದ್ಯೆಗೆ ಹಚ್ಚಿದರು. 1904ರಲ್ಲಿ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಕಟ್ಟಿದವರು ಅವರೇ. ಮಠಾಧಿಪತಿಗಳಾಗತಕ್ಕ ವಟುಗಳ ಚಿಂತೆಯನ್ನು ಹೊತ್ತವರಿಗೆ ಇಬ್ಬರು ಕುರುಡು ಹುಡುಗರ ಚಿಂತೆಯೂ ಅಷ್ಟೇ ಭಾರವಾಗಿ ತೋರಿತೆಂಬುದು ನನಗೆ ಇಂದಿಗೂ ದೊಡ್ಡ ಮಾತು.

ಗುರುಬಸಯ್ಯನು ಎಳೆಯ ಪ್ರಾಯದಲ್ಲಿಯೇ ಲಿಂಗೈಕ್ಯನಾದನು. ಗದಿಗೆಯ್ಯನು ಪಂಚಾಕ್ಷರಿ ಗವಾಯಿಗಳಾದರು. ಮೊದಲು ಕರ್ನಾಟಕ ಸಂಗೀತ, ಆ ಮೇಲೆ ಹಿಂದುಸ್ತಾನಿ. ನೀಲಕಂಠಬುವಾ ಮಿರಜಕರರಲ್ಲಿಯೂ ಅಬ್ದುಲ್ ವಹೀದ್ ಖಾನರಲ್ಲಿಯೂ ಅಭ್ಯಾಸ. ಜಂಗಮರ ಮಗನೊಬ್ಬನು ಮುಸಲ್ಮಾನ ಉಸ್ತಾದರ ಎದುರಿನಲ್ಲಿ ಶಿಷ್ಯನಾಗಿ ಕುಳಿತುದನ್ನು ಗುರುಗಳಾದ ಕುಮಾರಸ್ವಾಮಿಗಳವರು ಕುಂದೆಂದು ಎಣಿಸಲಿಲ್ಲ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ, ಕೇಳಿಸಿಕೊಳ್ಳತಕ್ಕವರು ಕೇಳಿಸಿಕೊಳ್ಳಲಿ.

ತಾವು ಕಲಿತುದನ್ನು ಅವರು ಕಟ್ಟಿಡಲಿಲ್ಲ. ಊರಿಂದೂರಿಗೆ ಹುಡುಗರನ್ನು ಕಟ್ಟಿಕೊಂಡು ತಿರುಗಿದರು, ಅದೇ ಶಾಲೆ. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆನಿಂತಿತು. ಕಣ್ಣಿಲ್ಲದ ಹುಡುಗನಿಗೆ ಹಲಗೆಯ ಮೇಲೆ ಬರೆದು ತೋರಿಸುವಂತಿಲ್ಲ. ಗುರು ಒಂದು ತುಣುಕನ್ನು ಹಾಡಬೇಕು, ಶಿಷ್ಯನು ಹಾಗೆಯೇ ಹಾಡಬೇಕು, ತಪ್ಪಿದರೆ ಮತ್ತೊಮ್ಮೆ. ತಬಲೆಯ ಬೋಲುಗಳನ್ನು ಮೊದಲು ಬಾಯಿಂದ ಹೇಳಿಸಿ, ಬಳಿಕ ಹುಡುಗನ ಬೆರಳನ್ನು ಹಿಡಿದು ಚರ್ಮದ ಮೇಲೆ ಇಡಿಸಬೇಕು. ಹೀಗೆ ಕಲಿತ ವಿದ್ಯೆಯು ಪುಸ್ತಕ ಕಳೆದರೆ ಕಳೆಯುವಂತಹದಲ್ಲ.

1936ರಲ್ಲಿ ಹಂಪೆಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ನಡೆಯಿತು. ಯಲಿವಾಳದ ಬಸವರಾಜ ರಾಜಗುರು ಎಂಬ ಹತ್ತೊಂಬತ್ತರ ತರುಣನು ಅಲ್ಲಿ ಹಾಡಿದನು. ತಬಲೆ ನುಡಿಸಿದವರು ಯಾರು? ಸ್ವತಃ ಗುರುಗಳಾದ ಪಂಚಾಕ್ಷರಿ ಗವಾಯಿಗಳು! ಶಿಷ್ಯನು ಮುಂದೆ, ಗುರು ಪಕ್ಕಕ್ಕೆ. ಇತಿಹಾಸದ ಮೇಷ್ಟ್ರಾದ ನಾನು ಆ ರಾಜ್ಯದ ಅರಸರ ಹೆಸರುಗಳನ್ನು ಎಷ್ಟೋ ತರಗತಿಗಳಿಗೆ ಉರುಹೊಡೆಸಿದ್ದೇನೆ. ಪರೀಕ್ಷೆ ಮುಗಿದ ಮರುದಿನ ಒಂದೂ ಉಳಿಯುತ್ತಿರಲಿಲ್ಲ. ಆ ಹಾಳು ಮಂಟಪಗಳ ನಡುವೆ ಆ ಗುರುಶಿಷ್ಯರನ್ನು ಕೇಳಿದವರಿಗೆ ಹಂಪೆಯು ಹೇಗೆ ನೆನಪಿನಲ್ಲಿ ಉಳಿದಿರಬಹುದು, ನೀವೇ ಊಹಿಸಿರಿ. ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು. ಅವರ ತರುವಾಯ, ತಾವೂ ಅಂಧರಾದ ಪುಟ್ಟರಾಜ ಗವಾಯಿಗಳವರು 2010ರ ವರೆಗೆ ಆ ಆಶ್ರಮವನ್ನು ನಡೆಯಿಸಿದರು.

ಇನ್ನು ನಮ್ಮ ಶ್ರಾವಣದ ಪುರಾಣದ ಮಾತು. ಶಾಸ್ತ್ರಿಗಳು ಕತೆಯನ್ನು ಹೇಳುವರು. ನಡುನಡುವೆ ಗವಾಯಿಗಳು ಪೇಟಿ, ತಬಲೆಯೊಡನೆ ವಚನವನ್ನು ಹಾಡುವರು. ಅಕ್ಷರವರಿಯದ ನಮ್ಮಜ್ಜಿಯು ಕಲ್ಯಾಣದ ಶರಣರನ್ನು ಬಲ್ಲವಳಾದುದು ಈ ದಾರಿಯಿಂದಲೇ. ವಚನದ ಕೊನೆಯಲ್ಲಿ ಅಂಕಿತವಿರುವದಷ್ಟೆ. ಹಾಡುವವನು ಅಲ್ಲಿಗೆ ಬಂದು ನಿಲ್ಲಲೇಬೇಕು. ಆದುದರಿಂದ ಕೇಳಿದ ಮಗುವಿಗೆ ಇದು ಅಲ್ಲಮನದು, ಇದು ಅಕ್ಕನದು ಎಂದು ಯಾರೂ ಹೇಳಿಕೊಡದೆಯೇ ತಿಳಿಯುವದು. ಆದರೆ ಹಾಡುವವರು ಪಾಠವನ್ನು ನೋಡಿಕೊಂಡು ಹಾಡಬೇಕು. ರಾಗದ ಭರದಲ್ಲಿ ಒಬ್ಬರ ಮಾತಿಗೆ ಮತ್ತೊಬ್ಬರ ಅಂಕಿತವನ್ನು ಅಂಟಿಸಿದುದನ್ನು ನಾನೇ ಕೇಳಿದ್ದೇನೆ. ಫ. ಗು. ಹಳಕಟ್ಟಿಯವರು ಊರೂರಿನ ತಾಡೋಲೆಗಳನ್ನು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದುದು ನಾವು ಬಾಯಿಗೆ ಬಂದಂತೆ ಹಾಡಲೆಂದಲ್ಲ.

ಪುರಾಣದಲ್ಲಿ ಕೇಳಿದುದೆಲ್ಲವೂ ನಡೆದುದೇ ಎಂದು ಮಕ್ಕಳು ಕೇಳುವರು. ಗದರಿಸಬೇಡಿರಿ. ಭೀಮಕವಿಯ ಬಸವಪುರಾಣವು 1369ರದು, ಬಸವಣ್ಣನವರಿಗೆ ಎರಡು ಶತಮಾನ ಈಚಿನದು. ಅದು ಭಕ್ತಿಯಿಂದ ಹುಟ್ಟಿದ ಕಾವ್ಯ. ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಶಾಸನವಿದೆ, ಅದರಲ್ಲಿ ಬಸವಣ್ಣನವರ ಹೆಸರಿದೆ. ಅದು ಕಲ್ಲಿನ ಸಾಕ್ಷಿ. ಎರಡನ್ನೂ ತೋರಿಸಿರಿ. ಗೋಡೆಯ ಮೇಲೆ ನಾವು ತೂಗಹಾಕಿರುವ ಶರಣರ ಪಟಗಳೂ ಈಚಿನ ಕಲಾವಿದರು ಕಲ್ಪಿಸಿ ಬರೆದವೇ. ಹಾಗೆಂದು ಹೇಳಿಕೊಟ್ಟರೆ ಮಗುವಿನ ಭಕ್ತಿ ಕಡಿಮೆಯಾಗದು; ಬಹುಶಃ ತಾನೂ ಒಂದು ಪಟವನ್ನು ಬರೆದೀತು.

ಈಗ ನನ್ನ ತಪ್ಪಿನ ಮಾತು. ಹಲವು ವರ್ಷಗಳ ಹಿಂದೆ ಈ ಮಠದ ಪ್ರಸಾದನಿಲಯದ ಕಮಿಟಿಯಲ್ಲಿ ನಾನೂ ಇದ್ದೆನು. ಸಂಗೀತದ ಮೇಷ್ಟ್ರು ವೃದ್ಧರಾಗಿ ಊರಿಗೆ ಹೋದಾಗ, ಅವರ ಸಂಬಳವನ್ನು ಇಂಗ್ಲಿಷ್ ಪಾಠಕ್ಕೆ ತಿರುಗಿಸಬೇಕೆಂದು ಸೂಚಿಸಿದವನು ನಾನು. ಹುಡುಗರಿಗೆ ಅನ್ನದ ದಾರಿಯಾಗಲಿ ಎಂಬುದು ನನ್ನ ವಾದ. ಎಲ್ಲರೂ ಒಪ್ಪಿದರು. ಆ ಪಾಠ ಬೇಡವಾಗಿತ್ತೆಂದು ಇಂದೂ ಹೇಳಲಾರೆನು. ಆದರೆ ಎರಡಕ್ಕೂ ಹಣವನ್ನು ಕೂಡಿಸುವ ಯತ್ನವನ್ನು ನಾನು ಮಾಡಲಿಲ್ಲ. ಹೋದ ಶ್ರಾವಣದಲ್ಲಿ ಪುರಾಣದ ನಡುವೆ ವಚನ ಹಾಡಲು ನಮ್ಮ ಹುಡುಗರಲ್ಲಿ ಒಬ್ಬನೂ ಇಲ್ಲದೆ, ಯಂತ್ರವನ್ನು ಹಚ್ಚಿ ಕೇಳಿಸಿದರು. ಸ್ವರವೇನೋ ಶುದ್ಧವಾಗಿತ್ತು. ಹುಡುಗರು ಎದ್ದು ಹೊರಗೆ ಹೋದರು.

ನಿನ್ನೆ ಸಂಜೆ ಆ ಕೋಣೆಯ ಬೀಗವನ್ನು ತೆಗೆಯಿಸಿ ನೋಡಿದೆನು. ಪೇಟಿಯ ತಿದಿ ಹರಿದಿದೆ. ತಬಲೆಯ ಚರ್ಮವನ್ನು ಇಲಿ ತಿಂದಿದೆ. ತಂಬೂರಿಯ ಬುರುಡೆ ಮಾತ್ರ ಗಟ್ಟಿಯಾಗಿದೆ. ದುರಸ್ತಿಯ ವೆಚ್ಚವನ್ನೂ ಒಬ್ಬ ಮೇಷ್ಟ್ರ ಒಂದು ವರ್ಷದ ಸಂಬಳವನ್ನೂ ನನ್ನ ಪಿಂಚಣಿಯಿಂದ ಕೊಡುವೆನೆಂದು ಶ್ರೀಗಳವರಲ್ಲಿ ಅರಿಕೆ ಮಾಡಿಕೊಂಡಿದ್ದೇನೆ. ಎರಡನೆಯ ವರ್ಷದ ಭಾರವನ್ನು ಹೊರುವವರು ಈ ಸಭೆಯಲ್ಲಿ ಇದ್ದರೆ, ಪ್ರಸಾದವಾದ ಬಳಿಕ ಆ ಕೋಣೆಯ ಬಾಗಿಲಲ್ಲಿ ನನ್ನನ್ನು ಕಾಣಬೇಕು. ಬೀಗದ ಕೈ ನನ್ನ ಹತ್ತಿರವೇ ಇದೆ.