ಎರಡನೇ ದಾರಿ ಮೊದಲೇ ಇರಲಿ

ಇಂದು ಪದವಿ ಪಡೆಯುತ್ತಿರುವ ಎಂಜಿನಿಯರ್ ಮಿತ್ರರೇ,

ಹಿತವಚನ ನೀವು ಬೇಕಾದಷ್ಟು ಕೇಳಿದ್ದೀರಿ. ನಾನು ಒಂದು ಅವಘಡದ ಕಥೆ ಹೇಳುತ್ತೇನೆ.

2022ರ ಜುಲೈ 8ರ ನಸುಕಿನಲ್ಲಿ ಕೆನಡಾದ ರೋಜರ್ಸ್ ಕಂಪನಿಯ ಜಾಲ ದೇಶದುದ್ದಕ್ಕೂ ಕುಸಿಯಿತು. 1.2 ಕೋಟಿಗೂ ಹೆಚ್ಚು ಗ್ರಾಹಕರಿಗೆ ಸುಮಾರು 26 ಗಂಟೆ ಮೊಬೈಲೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಇಂಟರಾಕ್ ಎಂಬ ಡೆಬಿಟ್ ಪಾವತಿ ವ್ಯವಸ್ಥೆ ಅದೇ ಜಾಲವನ್ನು ನೆಚ್ಚಿಕೊಂಡಿದ್ದರಿಂದ, ಬೇರೆ ಕಂಪನಿಯ ಸಿಮ್ ಇದ್ದವರೂ ಅಂಗಡಿಯಲ್ಲಿ ಪೇಚಿಗೆ ಸಿಲುಕಿದರು.

ಬಿರುಗಾಳಿ ಬಂದಿರಲಿಲ್ಲ, ದಾಳಿಯೂ ನಡೆದಿರಲಿಲ್ಲ. ರೂಟರ್‌ನಲ್ಲಿದ್ದ ಒಂದು ಫಿಲ್ಟರನ್ನು ತೆಗೆದದ್ದಷ್ಟೇ. ತಡೆಯಿಲ್ಲದೆ ನುಗ್ಗಿದ ರೂಟಿಂಗ್ ಮಾಹಿತಿಯ ಹೊರೆಗೆ ಜಾಲದ ಕೇಂದ್ರವಾದ ‘ಕೋರ್’ನ ರೂಟರುಗಳು ಕೈಚೆಲ್ಲಿದವು. ಏಳು ಹಂತಗಳ ಜಾಲ ಸುಧಾರಣೆಯ ಕೆಲಸದಲ್ಲಿ ಆ ಫಿಲ್ಟರ್ ತೆಗೆದದ್ದು ಆರನೆಯ ಹಂತದಲ್ಲಿ. ಹಿಂದಿನ ಹಂತಗಳು ಸುಸೂತ್ರವಾಗಿ ಮುಗಿದಿದ್ದರಿಂದ, ಮೊದಲು ‘ಹೆಚ್ಚು ಅಪಾಯ’ ಎಂದಿದ್ದ ಕೆಲಸ ‘ಕಡಿಮೆ ಅಪಾಯ’ದ ಪಟ್ಟಿಗೆ ಇಳಿದಿತ್ತು.

ದೋಷ ಹುಡುಕುವವರ ನಿರ್ವಹಣಾ ಜಾಲವೂ ಆ ಕೋರ್ ಮೇಲೆಯೇ ನಿಂತಿತ್ತು. ಸಿಬ್ಬಂದಿಯ ಫೋನುಗಳೂ ಸತ್ತಿದ್ದರಿಂದ ಬೇರೆ ಕಂಪನಿಗಳ ಸಿಮ್ ಹಾಕಿಕೊಂಡು ಮಾತಾಡಬೇಕಾಯಿತು. ಇನ್ನೂ ಕ್ರೂರವಾದದ್ದೆಂದರೆ, ಟವರುಗಳು ಮಾತ್ರ ಜೀವಂತವಾಗಿದ್ದವು. ಆ ಸಿಗ್ನಲ್‌ಗೆ ಅಂಟಿಕೊಂಡ ಎಷ್ಟೋ ಫೋನುಗಳು ತುರ್ತು ಸಂಖ್ಯೆ 911ಕ್ಕೂ ಬೇರೆ ಜಾಲ ಹಿಡಿಯಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತೇವೆ. ಕೆನಡಾ ಸರ್ಕಾರ ಬಾಗಿಲನ್ನಾದರೂ ಹಾಕಿಸಿತು. ಸಚಿವ ಫ್ರಾಂಸ್ವಾ-ಫಿಲಿಪ್ ಶಾಂಪೇನ್ ಕಂಪನಿಗಳಿಗೆ 60 ದಿನಗಳ ಗಡುವು ಕೊಟ್ಟರು. ತುರ್ತಿನಲ್ಲಿ ರೋಮಿಂಗ್, ಪರಸ್ಪರ ನೆರವು, ಜನರಿಗೆ ಸಕಾಲದಲ್ಲಿ ಮಾಹಿತಿ — ಈ ಮೂರಕ್ಕೆ ಸೆಪ್ಟೆಂಬರ್‌ನಲ್ಲಿ ಒಪ್ಪಂದವಾಯಿತು. ಆದರೆ ಕೋರ್ ಸತ್ತಾಗ ಗ್ರಾಹಕರನ್ನು ಪಕ್ಕದ ಜಾಲಕ್ಕೆ ದಾಟಿಸುವುದೇ ದುಸ್ತರ. ಹಾಗಾಗಿ ರೋಜರ್ಸ್ ತನ್ನ ನಿಸ್ತಂತು ಮತ್ತು ತಂತಿ ಜಾಲಗಳ ಕೋರ್‌ಗಳನ್ನು ಬೇರ್ಪಡಿಸುವ ಕೆಲಸಕ್ಕೂ ಕೈಹಾಕಿತು.

ನಮ್ಮಲ್ಲೂ 2024ರ ಅಕ್ಟೋಬರ್‌ನಲ್ಲಿ ಡಾನಾ ಚಂಡಮಾರುತ ಒಡಿಶಾಕ್ಕೆ ಅಪ್ಪಳಿಸಿದಾಗ, ಒಂದು ಕಂಪನಿಯ ಗ್ರಾಹಕರು ಇನ್ನೊಂದರ ಟವರ್ ಬಳಸಲು ದೂರಸಂಪರ್ಕ ಇಲಾಖೆ ಅವಕಾಶ ಮಾಡಿಸಿತು. ಒಳ್ಳೆಯ ಹೆಜ್ಜೆ. ಆದರೆ ತರಕಾರಿ ಗಾಡಿಯ ಮೇಲೂ ಕ್ಯೂಆರ್ ಕೋಡ್ ಇರುವ, ಬಹುಪಾಲು ಜನ ಎರಡೇ ಕಂಪನಿಗಳ ಸಿಮ್ ಇಟ್ಟುಕೊಂಡಿರುವ ದೇಶಕ್ಕೆ ಟವರ್ ಹಂಚಿಕೆಯೊಂದೇ ಸಾಲದು. ಎರಡನೇ ದಾರಿ ಮೊದಲನೆಯದರ ಮೇಲೆಯೇ ನಿಂತಿದ್ದರೆ ಅದು ದಾರಿಯೇ ಅಲ್ಲ. ವರ್ಷಗಟ್ಟಲೆ ಸುಮ್ಮನೆ ಬಿದ್ದಿರುವ ಬದಲಿ ಕೋರ್‌ಗೆ, ಹೆಚ್ಚುವರಿ ಬ್ಯಾಟರಿಗೆ ಯಾವ ಕಂಪನಿಯೂ ಖುಷಿಯಿಂದ ಹಣ ಸುರಿಯುವುದಿಲ್ಲ. ಅದನ್ನು ಕಡ್ಡಾಯ ಮಾಡುವುದು, ವೈಫಲ್ಯದ ವರದಿಯನ್ನು ಸಾರ್ವಜನಿಕರ ಮುಂದಿಡಿಸುವುದು ರಾಷ್ಟ್ರೀಯ ನೀತಿಯ ಕೆಲಸ.

ನಿಯಮ ಬರೆಯುವವರು ದೆಹಲಿಯಲ್ಲಿರಬಹುದು. ನಡುರಾತ್ರಿ ಕೀಲಿಮಣೆಯ ಮುಂದೆ ಕೂರುವವರು ನೀವು. ಐದು ಹಂತ ಗೆದ್ದ ಮೇಲೂ ಆರನೆಯದನ್ನು ಹೊಸದೆಂಬಂತೆ ಪರೀಕ್ಷಿಸಿ. ಅಪಾಯ ಕಂಡರೆ, ಮೇಲಧಿಕಾರಿಗೆ ಅವಸರವಿದ್ದರೂ ಸಹಿ ಹಾಕಬೇಡಿ. ಆ ಹಠಕ್ಕೆ ಯಾರೂ ಪದಕ ಕೊಡುವುದಿಲ್ಲ, ಆದರೂ ಬಿಡಬೇಡಿ.