ಪಂಡಿತನೂ ಪತ್ತೇದಾರನೂ

ಕನ್ನಡ ಪಂಡಿತನೊಬ್ಬ ಮಾತನಾಡಲು ಕುಳಿತನೆಂದರೆ ಪಂಪನನ್ನೋ ಕುಮಾರವ್ಯಾಸನನ್ನೋ ಎತ್ತಿಕೊಳ್ಳುವನೆಂದು ನೀವು ನಿರೀಕ್ಷಿಸುವುದು ಸಹಜ. ಇಂದು ನಾನು ಎತ್ತಿಕೊಂಡಿರುವುದು ಬಸ್ ನಿಲ್ದಾಣದ ಅಂಗಡಿಗಳಲ್ಲಿ ದಾರಕ್ಕೆ ನೇತುಹಾಕಿ ಮಾರುತ್ತಿದ್ದ ಪತ್ತೇದಾರಿ ಕಾದಂಬರಿಗಳನ್ನು. ಮುಖಪುಟದಲ್ಲಿ ಒಂದು ಪಿಸ್ತೂಲು, ಒಂದು ಹೆಣ, ಬೆದರಿದ ಹೆಣ್ಣಿನ ಎರಡು ಕಣ್ಣು. ಒಳಗೆ ಕೈಗೆ ಮಸಿ ಹತ್ತುವ ಅಗ್ಗದ ಕಾಗದ. ಇವುಗಳನ್ನು ಓದುವ ಸುಖವೆಂಥದು, ಬರೆಯುವ ಕಷ್ಟವೆಂಥದು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ನನ್ನದು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ. ನಮ್ಮ ಸುತ್ತಿನ ಸೀಮೆ ಸಾಹಿತ್ಯಕ್ಕೆ ಬಡವಾದುದಲ್ಲ. ಬಿ. ಎಂ. ಶ್ರೀಕಂಠಯ್ಯನವರ ಮನೆತನದ ಬೆಳ್ಳೂರು ನಮ್ಮ ತಾಲ್ಲೂಕಿನದೇ. ಮೇಲುಕೋಟೆಯಲ್ಲಿ ಪುತಿನ, ಕಿಕ್ಕೇರಿಯಲ್ಲಿ ಕೆ. ಎಸ್. ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನಲ್ಲಿ ಎ. ಎನ್. ಮೂರ್ತಿರಾವ್, ಹೀಗೆ ಪಠ್ಯಪುಸ್ತಕದ ಅರ್ಧ ಭಾಗ ನಮ್ಮ ನೆರೆಹೊರೆಯವರದೇ ಎನ್ನಬಹುದು. ಆದರೆ ನಾನು ಹುಡುಗನಾಗಿದ್ದ 1980ರ ಆಚೀಚಿನಲ್ಲಿ, ಊರಿನ ಜನ ಸ್ವಂತ ಕಾಸು ಕೊಟ್ಟು ಬಾಡಿಗೆಗೆ ತಂದು, ಎತ್ತು ಕಟ್ಟಿ ಕೈಕಾಲು ತೊಳೆದ ಮೇಲೆ ದೀಪದ ಕೆಳಗೆ ಓದುತ್ತಿದ್ದುದು ಇವರನ್ನಲ್ಲ, ಎನ್. ನರಸಿಂಹಯ್ಯನವರನ್ನು. ಓದಬಲ್ಲವನೊಬ್ಬ ಓದುವನು, ಬಾರದವರು ನಾಲ್ವರು ಸುತ್ತ ಕುಳಿತು ಕೇಳುವರು. ಗಮಕಿಗಳ ಭಾರತವಾಚನಕ್ಕೆ ಜನ ಹೇಗೆ ಕೂರುತ್ತಿದ್ದರೋ ಹಾಗೆಯೇ. ಒಂದು ವ್ಯತ್ಯಾಸವೆಂದರೆ, ಇಲ್ಲಿ ಅರ್ಥ ಹೇಳುವವರ ಅಗತ್ಯವಿರಲಿಲ್ಲ.

ನರಸಿಂಹಯ್ಯನವರ (1925-2011) ಶಾಲೆಯ ಓದು ನಾಲ್ಕನೆಯ ತರಗತಿಗೇ ನಿಂತಿತು. ಅವರು ಬರೆದ ಕಾದಂಬರಿಗಳು ಐದುನೂರಕ್ಕೂ ಮಿಕ್ಕಿದುವು. ಮೊದಲನೆಯದು ‘ಪತ್ತೇದಾರ ಪುರುಷೋತ್ತಮ’. ಆ ಪುರುಷೋತ್ತಮನ ಬೆನ್ನಿಗೆ ಮಧುಸೂದನ ಬಂದ, ಅರಿಂಜಯ ಬಂದ. ಹೆಸರುಗಳನ್ನು ಗಮನಿಸಿ. ಎರಡು ವಿಷ್ಣುವಿನವು, ಮೂರನೆಯದಕ್ಕೆ ಶತ್ರುಗಳನ್ನು ಗೆಲ್ಲುವವನೆಂದು ಅರ್ಥ. ನಾಲ್ಕನೆಯ ತರಗತಿ ಓದಿದವರು ನಾಯಕನಿಗೆ ಹೆಸರಿಡುವಾಗ ಯಾವ ಮಹಾಕವಿಗೂ ಕಡಮೆಯಿಲ್ಲದ ಎಚ್ಚರಿಕೆ ತೋರಿಸಿದ್ದಾರೆ. ಇನ್ನು ‘ಪತ್ತೇದಾರ’ ಎಂಬ ಮಾತು. ಶಿರಸ್ತೇದಾರ, ಅಮಲ್ದಾರ ಮೊದಲಾದವುಗಳಲ್ಲಿರುವ ಪಾರಸಿಯ ‘ದಾರ’ ಪ್ರತ್ಯಯ ಇದರ ಬಾಲಕ್ಕೂ ಅಂಟಿದೆ. ಅದರ ಮುಂದೆ ಅಚ್ಚ ಸಂಸ್ಕೃತದ ಪುರುಷೋತ್ತಮನನ್ನು ತಂದು ನಿಲ್ಲಿಸಿದರೆ ಹಳೆಯ ವೈಯಾಕರಣರು ಹುಬ್ಬು ಗಂಟಿಕ್ಕಿಯಾರು. ಆದರೆ ಎರಡು ಪಕಾರಗಳ ಬಡಿತದಿಂದ ಆ ಹೆಸರು ಕಿವಿಯಲ್ಲಿ ಕೂತುಬಿಡುತ್ತದೆ. ಹೆಸರಿನಿಂದ ಆಗಬೇಕಾದ ಕೆಲಸವೂ ಅದೇ ತಾನೆ!

ಈ ಜಾತಿಯ ಬರವಣಿಗೆಯನ್ನು ಪಂಡಿತರು ಬಹುಕಾಲ ಹೊಸ್ತಿಲಾಚೆ ನಿಲ್ಲಿಸಿದರು. ತರಗತಿಯಲ್ಲಿ ವ್ಯಾಕರಣದ ಪುಸ್ತಕದೊಳಗೆ ಅರಿಂಜಯನನ್ನಿಟ್ಟು ಓದುತ್ತಿದ್ದ ನನ್ನ ಗೆಳೆಯನೊಬ್ಬ ಪೂರ್ತಿ ಒಂದು ಅವಧಿ ಬೆಂಚಿನ ಮೇಲೆ ನಿಂತಿದ್ದ. ಆ ಪುಸ್ತಕವನ್ನು ಕಿತ್ತುಕೊಂಡ ಮೇಷ್ಟ್ರು ಮಾರನೆಯ ದಿನ ಹಿಂದಿರುಗಿಸುವಾಗ, “ಕೊಲೆಗಾರ ಯಾರೂಂತ ಗೊತ್ತಾಯಿತು, ನಿನಗೆ ಹೇಳೋದಿಲ್ಲ” ಎಂದರಂತೆ. ಪಂಡಿತರ ತಿರಸ್ಕಾರ ಬಹುಮಟ್ಟಿಗೆ ಈ ಬಗೆಯದು.

ಪಂಡಿತರು ಪೂಜಿಸುವ ಗ್ರಂಥಗಳಲ್ಲಿಯೇ ಪತ್ತೇದಾರನುಂಟು ಎಂಬುದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಸುಮಾರು ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ವಿದ್ಯುಚ್ಚೋರನ ಕಥೆಯಿದೆ. ಮಿಥಿಲೆಯಲ್ಲಿ ವಾಮರಥನೆಂಬ ರಾಜ. ಅವನಿಗೆ ಯಮದಂಡನೆಂಬ ತಳಾರ, ಎಂದರೆ ಊರು ಕಾಯುವ ಅಧಿಕಾರಿ. ನಮ್ಮ ಹಳ್ಳಿಗಳ ತಳವಾರ ಎಂಬ ಮಾತು ಈ ತಳಾರನ ನಂಟನೇ. ಅದೇ ಊರಿನಲ್ಲಿ ವಿದ್ಯುಚ್ಚೋರನೆಂಬ ಕಳ್ಳ. ಹಗಲೆಲ್ಲ ಪಾಳು ಗುಡಿಯಲ್ಲಿ ಕುಷ್ಠರೋಗಿಯ ವೇಷ ತೊಟ್ಟು ಬಿದ್ದಿರುತ್ತಾನೆ. ರಾತ್ರಿಯಾದರೆ ನಿಜರೂಪದಲ್ಲಿ ನಗರವೆಲ್ಲ ಅವನದು. ಒಂದು ರಾತ್ರಿ ರಾಜನ ಹಾರವೇ ಕಳವಾಯಿತು. ಗಡುವಿನೊಳಗೆ ಕಳ್ಳನನ್ನು ತಾರದಿದ್ದರೆ ತಳಾರನಿಗೇ ಶಿಕ್ಷೆ. ಯಮದಂಡ ಊರೆಲ್ಲ ಸೋಸಿ, ಕಡೆಗೆ ಆ ಕುಷ್ಠಿಯನ್ನೇ ಹಿಡಿದು ತಂದ. ಎಷ್ಟು ಹಿಂಸಿಸಿದರೂ ಅವನು ಬಾಯಿ ಬಿಡಲಿಲ್ಲ. ಆಮೇಲೆ ತಾನಾಗಿಯೇ ಗುಟ್ಟನ್ನು ಹೊರಗೆಡಹಿದ: ಕಳ್ಳನೂ ತಳಾರನೂ ಬಾಲ್ಯದಲ್ಲಿ ಕೂಡಿ ಓದಿದವರು! ಒಬ್ಬ ಕಾಯುವ ವಿದ್ಯೆ ಕಲಿತ, ಒಬ್ಬ ಕದಿಯುವ ವಿದ್ಯೆ ಕಲಿತ. ಕಥೆ ಮುಗಿಯುವುದು ವೈರಾಗ್ಯದಲ್ಲಿ, ಅದು ಜೈನ ಕಥಾಕೋಶದ ಧರ್ಮ. ಆದರೆ ವೈರಾಗ್ಯ ಬರುವವರೆಗೆ ಕೇಳುಗನನ್ನು ಹಿಡಿದು ಕೂರಿಸಿರುವುದು ಯಾವುದು? ಹಾರ ಕದ್ದವನು ಯಾರು ಎಂಬ ಒಂದೇ ಪ್ರಶ್ನೆ.

ಈ ಕಥೆಯ ಸೂಕ್ಷ್ಮ ಎಲ್ಲಿದೆಯೆಂಬುದನ್ನು ನೋಡಿ. ರೋಗಿಯ ಮುಖವನ್ನು ಯಾರೂ ದಿಟ್ಟಿಸಿ ನೋಡುವುದಿಲ್ಲ. ಕಣ್ಣು ತಾನಾಗಿ ಪಕ್ಕಕ್ಕೆ ಹೊರಳುತ್ತದೆ. ಆ ಹೊರಳಿದ ಕಣ್ಣೇ ಕಳ್ಳನಿಗೆ ಅಡಗುತಾಣ. ಇಂಗ್ಲೆಂಡಿನ ಚೆಸ್ಟರ್ಟನ್ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಒಂದು ಕಥೆ ಬರೆದ. ಅದರಲ್ಲಿ ಕಾವಲಿದ್ದವರೆಲ್ಲರೂ ಒಳಗೆ ಯಾರೂ ಹೋಗಲಿಲ್ಲವೆಂದು ಆಣೆಯಿಡುತ್ತಾರೆ. ಹೋದವನು ಅಂಚೆಯವನು, ದಿನವೂ ಬರುವವನಾದ್ದರಿಂದ ಅವನು ಯಾರ ಲೆಕ್ಕಕ್ಕೂ ಬಂದಿಲ್ಲ. ಲೋಕವೆಲ್ಲ ಇದನ್ನು ಹೊಸ ಯುಕ್ತಿಯೆಂದು ಕೊಂಡಾಡಿತು. ನಮ್ಮಲ್ಲಿ ಸಾವಿರ ವರ್ಷಗಳ ಹಿಂದೆಯೇ ಅದಿತ್ತು. ವಿನೋದವೇನೆಂದರೆ, ಡಿ. ಎಲ್. ನರಸಿಂಹಾಚಾರ್ಯರು ‘ವಡ್ಡಾರಾಧನೆ’ಯನ್ನು ಸಂಪಾದಿಸಿ ಕೊಟ್ಟದ್ದು 1949ರಲ್ಲಿ, ನರಸಿಂಹಯ್ಯನವರ ಪುರುಷೋತ್ತಮ ಹೊರಟದ್ದು ಅದಾದ ಕೆಲವೇ ವರ್ಷಗಳಲ್ಲಿ. ಹಳೆಯ ಕಳ್ಳನೂ ಹೊಸ ಪತ್ತೇದಾರನೂ ಹೆಚ್ಚುಕಡಮೆ ಒಟ್ಟಿಗೆ ಕನ್ನಡಿಗರ ಕೈಗೆ ಬಂದರು. ಒಬ್ಬ ವಿಶ್ವವಿದ್ಯಾನಿಲಯಕ್ಕೆ ಹೋದ, ಇನ್ನೊಬ್ಬ ಬಸ್ ನಿಲ್ದಾಣಕ್ಕೆ. ಅವರನ್ನು ಪರಸ್ಪರ ಪರಿಚಯ ಮಾಡಿಸುವವರು ಮಾತ್ರ ಯಾರೂ ಇರಲಿಲ್ಲ.

ಓದುಗರನ್ನು ಬೆಳೆಸುವ ಕೆಲಸ ಇಂಥವರಿಂದಲೇ ಆಗುತ್ತದೆ. ಹಿಂದಿಯಲ್ಲಿ ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ 1888ರಲ್ಲಿ ಹೊರಟಾಗ ಅದನ್ನು ಓದುವುದಕ್ಕಾಗಿಯೇ ಜನ ಹಿಂದಿ ಕಲಿತರೆಂಬ ಮಾತು ಪ್ರಸಿದ್ಧವಾಗಿದೆ. ನಮ್ಮಲ್ಲಿ ಬಂಗಾಳಿಯಿಂದ ಬಿ. ವೆಂಕಟಾಚಾರ್ಯರೂ ಮರಾಠಿಯ ದಾರಿಯಿಂದ ಗಳಗನಾಥರೂ ಕುತೂಹಲದ ಕಥೆಗಳನ್ನು ತಂದು ಕನ್ನಡಿಗರಿಗೆ ಓದುವ ರುಚಿ ಹತ್ತಿಸಿದರು. ಅವರಿಗೆ ನಾವು ಈ ಗೌರವ ಸಲ್ಲಿಸಿದ್ದೇವೆ. ನರಸಿಂಹಯ್ಯನವರಿಗೆ ಸಲ್ಲಿಸುವಾಗ ಕೈ ಸ್ವಲ್ಪ ಬಿಗಿಯಾಯಿತು. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರನ್ನು (1918-1967) ಎಲ್ಲರೂ ಬಲ್ಲೆವು. ಅವರು ಹಲವಾರು ಪತ್ತೇದಾರಿ ಕಾದಂಬರಿಗಳನ್ನು ಬರೆದವರೆಂಬುದನ್ನು ನವೆಂಬರಿನ ಭಾಷಣಗಳಲ್ಲಿ ಎಷ್ಟು ಜನ ನೆನೆಯುತ್ತಾರೆ? ಬಾವುಟ ಹಿಡಿದ ಕೈಯೂ ಅದೇ, ಪಿಸ್ತೂಲಿನ ಕಥೆ ಬರೆದ ಕೈಯೂ ಅದೇ. 1968ರಲ್ಲಿ ‘ಜೇಡರ ಬಲೆ’ ಚಿತ್ರದಲ್ಲಿ ರಾಜಕುಮಾರ್ ಸಿಐಡಿ 999 ಆಗಿ ಕಾಣಿಸಿಕೊಂಡಾಗ ಜನ ಅವರನ್ನು ಕೂಡಲೆ ಒಪ್ಪಿದರಲ್ಲ, ಅದಕ್ಕೆ ಹದಮಾಡಿದ ನೆಲವನ್ನು ಈ ಪುಸ್ತಕಗಳೇ ಸಿದ್ಧಪಡಿಸಿದ್ದುವೆಂದು ನನ್ನ ಅಭಿಪ್ರಾಯ.

ಇನ್ನು ಬರೆಯುವವನ ಕಷ್ಟ. ಇಂಥ ಕಥೆ ಬರೆಯುವುದು ಸುಲಭವೆಂದು ತಿಳಿದವರು ಒಂದು ಅಧ್ಯಾಯ ಬರೆದು ನೋಡಬೇಕು. ಓದುಗನಿಗೆ ಗೊತ್ತಾಗಬೇಕಾದ್ದು ಗೊತ್ತಾಗಬೇಕು, ಆದರೆ ತನಗೆ ಗೊತ್ತಾಯಿತೆಂಬುದು ಗೊತ್ತಾಗಬಾರದು. ಪತ್ತೇದಾರನ ಜೊತೆಗೆ ಯಾವಾಗಲೂ ಒಬ್ಬ ಸಹಾಯಕನಿರುವುದು ಏಕೆ? ಹೋಮ್ಸನಿಗೆ ವಾಟ್ಸನ್ ಏಕೆ ಬೇಕು? ವೈಶಂಪಾಯನನಿಗೆ ಜನಮೇಜಯ ಬೇಕಾದ ಕಾರಣಕ್ಕೇ. ಕೇಳುವವನೊಬ್ಬ ಇಲ್ಲದಿದ್ದರೆ ಬಲ್ಲವನು ಹೇಳುವುದಾದರೂ ಯಾರಿಗೆ? ಮತ್ತೆ, ನಾಯಕನನ್ನು ಸೃಷ್ಟಿಸಿದವನಿಗೆ ಅವನ ಮೇಲೆ ಪೂರ್ಣ ಅಧಿಕಾರವೂ ಉಳಿಯುವುದಿಲ್ಲ. ಕಾನನ್ ಡಾಯ್ಲ್ 1893ರಲ್ಲಿ ಹೋಮ್ಸನನ್ನು ಜಲಪಾತಕ್ಕೆ ತಳ್ಳಿ ಕೈತೊಳೆದುಕೊಂಡ. ಓದುಗರು ಒಪ್ಪಲಿಲ್ಲ. ಹತ್ತು ವರ್ಷ ಕಳೆದು, 1903ರಲ್ಲಿ ಆತನನ್ನು ಬದುಕಿಸಿ ತರಲೇಬೇಕಾಯಿತು.

ವಾಕ್ಯಗಳ ವಿಷಯ ಹೇಳದೆ ಇರಲಾರೆ. ಈ ಕಾದಂಬರಿಗಳ ವಾಕ್ಯಗಳು ಚಿಕ್ಕವು. ಬಾಗಿಲು ತೆರೆಯಿತು, ದೀಪ ಆರಿತು, ಯಾರೋ ಕೆಮ್ಮಿದರು, ಇಷ್ಟೆ. ಇದನ್ನು ಬಡತನವೆಂದು ತಿಳಿಯಬಾರದು. ಹತ್ತನೆಯ ತರಗತಿಯ ಪ್ರಬಂಧಗಳನ್ನು ಮೂವತ್ತು ವರ್ಷ ತಿದ್ದಿದ ನನಗೆ, ಕ್ರಿಯಾಪದವನ್ನು ತಲಪದೆ ನಡುದಾರಿಯಲ್ಲಿ ಪ್ರಾಣಬಿಟ್ಟ ಎಷ್ಟೋ ಉದ್ದ ವಾಕ್ಯಗಳ ಪರಿಚಯವಿದೆ. ಪತ್ತೇದಾರಿ ಕಾದಂಬರಿಯಲ್ಲಿ ಕ್ರಿಯಾಪದ ಸಾಯುವುದಿಲ್ಲ; ಸಾಯುವುದು ಬೇರೆಯವರು.

ಇದನ್ನು ನನಗೆ ಮನದಟ್ಟು ಮಾಡಿದವನು ಒಬ್ಬ ವಿದ್ಯಾರ್ಥಿ. ಕನ್ನಡದ ಕಿರುಪರೀಕ್ಷೆಯಲ್ಲಿ ಎರಡಂಕಿ ಕಂಡವನಲ್ಲ; ಪ್ರಬಂಧವೆಂದರೆ ನಾಲ್ಕು ಸಾಲು. ಅವನ ಲೆಕ್ಕದ ಪುಸ್ತಕ ಒಮ್ಮೆ ನನ್ನ ಮೇಜಿನ ಮೇಲೆ ಉಳಿಯಿತು. ಹಿಂದಿನಿಂದ ತಿರುಗಿಸಿದರೆ, ಒತ್ತಾಗಿ ಬರೆದ ನಲವತ್ತು ಪುಟಗಳ ಪತ್ತೇದಾರಿ ಕಥೆ! ಸ್ಥಳ ನಮ್ಮೂರೇ. ಚೆನ್ನಕೇಶವನ ಗುಡಿಯ ಗರುಡನ ಉತ್ಸವ, ಊರ ತುಂಬ ಪರಸ್ಥಳದ ಭಕ್ತರು, ಗದ್ದಲದ ನಡುವೆ ಒಂದು ಕಳವು. ಪತ್ತೇದಾರನಾಗಿ ಅವನು ಬೆಂಗಳೂರಿನಿಂದ ಕರಿಯ ಕೋಟಿನವನನ್ನು ಕರೆಸಿಲ್ಲ. ನಾಗಮಂಗಲದ ಬಸ್ಸಿನ ಕಂಡಕ್ಟರನೇ ಪತ್ತೇದಾರ! ಏಕೆಂದರೆ ಯಾರು ಎಲ್ಲಿ ಹತ್ತಿದರು, ಯಾರು ಎಲ್ಲಿ ಇಳಿದರು, ಬರುವಾಗ ಇದ್ದ ಚೀಲ ಹೋಗುವಾಗ ಇತ್ತೇ ಇಲ್ಲವೇ ಎಂಬುದೆಲ್ಲ ಅವನಿಗೆ ಗೊತ್ತು. ಕಳ್ಳನೋ, ಉತ್ಸವದ ಮುಂದೆ ಬೆಳಕು ಹಿಡಿದು ನಡೆಯುವವನು. ದೇವರನ್ನು ನೋಡುವ ಭರದಲ್ಲಿ ಬೆಳಕು ಹಿಡಿದವನ ಮುಖವನ್ನು ಯಾರು ನೋಡುತ್ತಾರೆ?

ವಿದ್ಯುಚ್ಚೋರನ ಹೆಸರನ್ನೇ ಆ ಹುಡುಗ ಕೇಳಿರಲಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು ಕೈಕೈ ಹಿಡಿದು ಕುಣಿದಿದ್ದುವು, ಸಂಧಿಗಳ ಗತಿ ಕೇಳುವುದೇ ಬೇಡ. ಆದರೆ ನಾನು ಆ ನಲವತ್ತು ಪುಟಗಳನ್ನು ನಿಲ್ಲಿಸದೆ ಓದಿದೆ. ಕೆಂಪು ಲೇಖನಿಯನ್ನು ತೆಗೆಯಲಿಲ್ಲ. ಮಾರನೆಯ ದಿನ ಪುಸ್ತಕವನ್ನು ಕೊಟ್ಟು, ಏಳನೆಯ ಅಧ್ಯಾಯದಲ್ಲಿ ಕಂಡಕ್ಟರನಿಗೆ ರಜೆಯೆಂದು ಬರೆದು ಎಂಟನೆಯದರಲ್ಲಿ ಬಸ್ಸಿನಲ್ಲಿ ನಿಲ್ಲಿಸಿದ್ದೀಯಲ್ಲ, ಹೇಗೆ ಎಂದು ಕೇಳಿದೆ. ಹುಡುಗ ತಲೆ ಕೆರೆದುಕೊಂಡ. ವಾರದೊಳಗೆ ಆ ಅಧ್ಯಾಯವನ್ನು ಪೂರ್ತಿ ತಿರುಗಿ ಬರೆದು ತಂದ. ನಿಬಂಧದ ಎಂಟು ಸಾಲನ್ನು ಎರಡನೆಯ ಸಲ ಬರೆಯೆಂದರೆ ಅಳುಮೋರೆ ಮಾಡುತ್ತಿದ್ದವನು ಅವನೇ. ಆಮೇಲೆ ಅವನಿಗೆ ಯಮದಂಡನ ಕಥೆಯನ್ನು ಹೊಸಗನ್ನಡದಲ್ಲಿ ಹೇಳಿದೆ. ಕೇಳಿ, “ಸಾರ್, ಇದನ್ನ ಪಾಠಕ್ಕೆ ಯಾಕೆ ಇಟ್ಟಿಲ್ಲ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಈ ಪುಸ್ತಕಗಳಲ್ಲಿ ಎಲ್ಲವೂ ಚೆನ್ನಾಗಿದೆಯೆಂದು ನಾನು ವಾದಿಸುವವನಲ್ಲ. ಐದುನೂರು ಬರೆದವರು ಹೇಳಿದ್ದನ್ನೇ ಹೇಳಿರುವುದುಂಟು. ಈ ವರ್ಗದ ಕಥೆಗಳಲ್ಲಿ ಹೆಂಗಸಿಗೆ ಸಾಮಾನ್ಯವಾಗಿ ಎರಡೇ ಉದ್ಯೋಗ: ಕಿರಿಚುವುದು, ಇಲ್ಲವೆ ವಿಷವಿಕ್ಕುವುದು. ನನಗೆ ಇನ್ನೂ ಕಹಿಯೆನಿಸುವುದು ಕುರೂಪಿಯನ್ನೂ ಅಂಗವಿಕಲನನ್ನೂ ಖಳನನ್ನಾಗಿ ಮಾಡುವ ಸುಲಭೋಪಾಯ. ಹಳೆಯ ಕಥೆಗಾರ ರೋಗಿಯ ವೇಷವನ್ನು ತಂದದ್ದು ನಮ್ಮ ಕಣ್ಣಿನ ದೋಷವನ್ನು ತೋರಿಸಲು. ಇವರು ತಂದದ್ದು ಬರಿಯ ಹೆದರಿಸಲು. ನಾಯಕನಿಗಂತೂ ಒಂದು ದಿನ ನೆಗಡಿಯೂ ಬರುವುದಿಲ್ಲ. ಆದರೂ ಒಂದು ಮಾತಿಗೆ ಇವರು ತಪ್ಪುವುದಿಲ್ಲ: ಮೊದಲ ಪುಟದಲ್ಲಿ ಎತ್ತಿದ ಪ್ರಶ್ನೆಗೆ ಕೊನೆಯ ಪುಟದಲ್ಲಿ ಉತ್ತರ ಕೊಡುತ್ತಾರೆ. ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದು ಸವೆದ ರೈತನಿಗೆ, ನೂರು ಪುಟದೊಳಗೆ ನ್ಯಾಯ ತೀರ್ಮಾನವಾಗುವುದನ್ನು ನೋಡುವುದು ಸಣ್ಣ ಸುಖವಲ್ಲ.

ಈಗ ಆ ಬಾಡಿಗೆ ಅಂಗಡಿಗಳು ನಮ್ಮ ಕಡೆ ಕಾಣುವುದಿಲ್ಲ. ಅಗ್ಗದ ಕಾಗದ ಹಳದಿಯಾಗಿ, ಮಡಿಸಿದಲ್ಲಿ ಹಪ್ಪಳದಂತೆ ಮುರಿಯುತ್ತಿದೆ. ಕಾವ್ಯಗಳ ಓಲೆಗರಿಗಳನ್ನು ಮಠಗಳು ಕಾಪಾಡಿದುವು. ಇವುಗಳಿಗೆ ಮಠವೂ ಇಲ್ಲ, ಭಂಡಾರವೂ ಇಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ತಾತನ ಪೆಟ್ಟಿಗೆಯಿದ್ದರೆ ಒಮ್ಮೆ ತೆರೆದು ನೋಡಿ. ಪುರುಷೋತ್ತಮನೋ ಮಧುಸೂದನನೋ ಸಿಕ್ಕಿದರೆ ಹಳೆಯ ಕಾಗದದವನ ತಕ್ಕಡಿಗೆ ಹಾಕಬೇಡಿ. ಬಿಸಿಲು ತೋರಿಸಿ, ರಟ್ಟು ಕಟ್ಟಿ, ನಿಮ್ಮೂರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ. ಮುಖಪುಟ ಹರಿದಿದ್ದರೂ ಚಿಂತೆಯಿಲ್ಲ. ಕೊನೆಯ ಪುಟ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ.