ಹೊಂಡದ ಹೊದಿಕೆಗೂ ಜೀರ್ಣೋದ್ಧಾರ



ನಮ್ಮ ಹಳೆಯ ಶಾಸನಗಳಲ್ಲಿ ಮತ್ತೆ ಮತ್ತೆ ಎದುರಾಗುವ ಮಾತೊಂದಿದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ದೇಗುಲಕ್ಕೆ ದತ್ತಿ ಬಿಡುವವನು ಪೂಜೆಗೂ ನೈವೇದ್ಯಕ್ಕೂ ಭೂಮಿ ಬಿಟ್ಟು ಸುಮ್ಮನಾಗುತ್ತಿರಲಿಲ್ಲ. ಕಟ್ಟಡ ಮುಂದೊಂದು ದಿನ ಮುರಿದರೆ, ಬಿರಿದರೆ, ಹಳತಾದರೆ ಅದನ್ನು ಸರಿಪಡಿಸುವ ವೆಚ್ಚಕ್ಕೂ ಪಾಲು ತೆಗೆದಿರಿಸುತ್ತಿದ್ದನು. ಕೆರೆಗಳಿಗೂ ಇದೇ ನ್ಯಾಯ. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಶಬ್ದಗಳು ಕೆರೆಯನ್ನು ಕಟ್ಟಿ ಕಾಪಾಡುವುದಕ್ಕೆಂದು ಬಿಟ್ಟ ನೆಲವನ್ನು ಸೂಚಿಸುತ್ತವೆ. ಕಟ್ಟಿದ್ದು ಕೆಡುತ್ತದೆಂಬ ತಿಳಿವು ಆ ಹಿರಿಯರಿಗೆ ಕಟ್ಟುವ ದಿನವೇ ಇತ್ತು.

ಈ ಗಂಭೀರವಾದ ಮಾತನ್ನು ಇಂದು ನಾನು ಬಹಳ ಸಾಮಾನ್ಯವಾದ ವಸ್ತುವೊಂದಕ್ಕೆ ಅನ್ವಯಿಸಬಯಸುತ್ತೇನೆ. ಅದು ಕೃಷಿ ಹೊಂಡದ ಪ್ಲಾಸ್ಟಿಕ್ ಹೊದಿಕೆ.

ಬಾಬಾಬುಡನ್ ಗಿರಿಶ್ರೇಣಿ ಪಶ್ಚಿಮದ ಮೋಡಗಳನ್ನು ತಡೆದು ನಿಲ್ಲಿಸುವುದರಿಂದ ಕಡೂರು ಸೀಮೆ ಮಳೆಯ ನೆರಳಿನಲ್ಲಿ ಉಳಿದಿದೆ. ತರೀಕೆರೆಗೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಹತ್ತಿರವಾದರೂ ಕಾಲುವೆಗೆ ಎಟುಕದ ಹೊಲಗಳಿಗೆ ಆಕಾಶವೇ ಗತಿ. ಅಜ್ಜಂಪುರದ ಕಡೆಯ ಎರೆಭೂಮಿ ನೆನೆದಾಗ ಉಬ್ಬಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಂಡು ನೀರು ಹಿಡಿಯಬಲ್ಲುದು; ಗರಸು ಬೆರೆತ ಕೆಮ್ಮಣ್ಣಿಗೆ ಆ ಗುಣವಿಲ್ಲ, ಅದು ಕೊಟ್ಟಷ್ಟನ್ನೂ ಕುಡಿಯುತ್ತದೆ. ರಾಜ್ಯದಲ್ಲಿ 2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದಾಗ ಹೊಂಡದೊಡನೆ ಹಾಳೆಯೂ ಬಂದುದು ಇದಕ್ಕಾಗಿಯೇ.

ಇಪ್ಪತ್ತೊಂದು ಮೀಟರ್ ಚೌಕದ, ಮೂರು ಮೀಟರ್ ಆಳದ, ಇಳಿಜಾರು ಬದಿಗಳ ಹೊಂಡವೊಂದು ಸುಮಾರು 9.8 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಒಂದು ಎಕರೆಗೆ ಐದು ಸೆಂಟಿಮೀಟರ್ ನೀರು ಹಾಯಿಸಲು ಎರಡು ಲಕ್ಷ ಲೀಟರ್ ಬೇಕು. ಆ ಹಾಳೆಯಲ್ಲಿ ಕಣ್ಣಿಗೆ ಬೀಳದ ತೂತೊಂದಿದ್ದು, ದಿನಕ್ಕೆ ಕೇವಲ ಒಂದು ಸೆಂಟಿಮೀಟರ್ ನೀರು ಇಂಗಿತೆನ್ನಿ. ತುಂಬಿದ ಹೊಂಡದಲ್ಲಿ ಅದು 4,400 ಲೀಟರ್. ಒಂದೂವರೆ ತಿಂಗಳಲ್ಲಿ ಒಂದು ಎಕರೆ ರಾಗಿಯನ್ನು ತೆನೆಗಟ್ಟುವ ಕಾಲದಲ್ಲಿ ಉಳಿಸಬಹುದಾಗಿದ್ದ ನೀರು ಸದ್ದಿಲ್ಲದೆ ಪಾತಾಳ ಸೇರಿರುತ್ತದೆ.

ಇಳಿದುದು ಬಿಸಿಲಿಗೋ ತೂತಿಗೋ ಎಂದು ತಿಳಿಯುವ ಬಗೆ ಸುಲಭ. ಬಕೆಟ್ಟೊಂದರಲ್ಲಿ ನೀರು ತುಂಬಿ, ಅದನ್ನು ಹೊಂಡದ ನೀರಿನಲ್ಲೇ ಅಲುಗದಂತೆ ನಿಲ್ಲಿಸಿ, ಒಳಗೂ ಹೊರಗೂ ಗುರುತು ಹಾಕಬೇಕು. ಮಳೆಯಿಲ್ಲದ, ಪಂಪು ನಡೆಸದ ಎರಡು ದಿನ ಕಳೆದ ಮೇಲೆ ನೋಡಿದರೆ, ಬಕೆಟ್ಟಿನಲ್ಲಿ ಇಳಿದುದು ಬಿಸಿಲಿನ ಪಾಲು. ಹೊಂಡದಲ್ಲಿ ಅದಕ್ಕಿಂತ ಹೆಚ್ಚಾಗಿ ಇಳಿದುದು ಸೋರಿಕೆಯ ಪಾಲು. ಸೋರಿಕೆ ಪಕ್ಕದಲ್ಲಿದ್ದರೆ ನೀರು ತೂತಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಹುಡುಕಬೇಕಾದುದು ಅಲ್ಲಿಯೇ.

ಇನ್ನು ಚಿಕಿತ್ಸೆ. ಶಾಸನದ ಮೂರು ಶಬ್ದಗಳು ಇಲ್ಲಿ ಮೂರು ರೋಗಗಳ ಹೆಸರಿನಂತಿವೆ.

ಮೊದಲನೆಯದು ಖಂಡ, ಎಂದರೆ ಹರಿದುದು. ದನದ ಗೊರಸು, ನಾಯಿಯ ಉಗುರು, ಇಲಿಯ ಹಲ್ಲು, ಅಡಿಯ ಚೂಪುಗಲ್ಲು ಇದಕ್ಕೆ ಕಾರಣ. ನಗರದ ಈಜುಕೊಳಗಳಿಗೆ ಹಾಸುವ ಪಿವಿಸಿ ಹೊದಿಕೆಗೆ ನೀರಿನೊಳಗೇ ಅಂಟು ಹಚ್ಚಿ ತೇಪೆ ಹಾಕಬಹುದು. ನಮ್ಮ ಹೊಂಡದ ಹಾಳೆ ಸಾಮಾನ್ಯವಾಗಿ ಪಾಲಿಥೀನ್ ಜಾತಿಯದು. ಮಾಮೂಲು ಅಂಟು ಅದಕ್ಕೆ ಹತ್ತುವುದಿಲ್ಲ. ಜಾಗವನ್ನು ತೊಳೆದು, ಪೂರ್ತಿ ಒಣಗಿಸಿ, ಹರುಕಿನ ಸುತ್ತಲೂ ಒಂದು ಗೇಣು ಹೆಚ್ಚಿರುವಂತೆ ಅದೇ ಜಾತಿಯ ತುಂಡನ್ನಿಟ್ಟು, ಬಿಸಿಗಾಳಿಯ ಯಂತ್ರದಿಂದ ಬೆಸೆಯಬೇಕು. ತೇಪೆಯ ಮೂಲೆಗಳು ದುಂಡಗಿದ್ದರೆ ಬೇಗ ಏಳುವುದಿಲ್ಲ. ಅದಕ್ಕೂ ಮೊದಲು ಅಡಿಯ ಕಲ್ಲನ್ನು ತೆಗೆದು ನೆಲವನ್ನು ಬಡಿದು ಗಟ್ಟಿಮಾಡಬೇಕು. ಕಾರಣ ಉಳಿದರೆ ತೇಪೆ ವ್ಯರ್ಥ.

ಎರಡನೆಯದು ಸ್ಫುಟಿತ, ಬೆಸುಗೆ ಬಿರಿದುದು. ಇದು ಹಾಳೆಯ ದೋಷವಾಗದೆ ನೆಲದ್ದೂ ಆಗಿರಬಹುದು. ಅಡಿಯ ಮಣ್ಣು ಕುಸಿದು ಹಾಳೆ ಜೋತುಬಿದ್ದರೆ, ದಂಡೆಯ ಮೇಲೆ ಅಂಚನ್ನು ಹೂಳುವ ಕಾಲುವೆ ಸಡಿಲಾದರೆ, ಬರಿದಾದ ಹೊಂಡದಲ್ಲಿ ಗಾಳಿ ಹೊಕ್ಕು ಹಾಳೆಯನ್ನು ಬಡಿದರೆ ಬೆಸುಗೆ ಬಿಡುತ್ತದೆ. ಅಂಚನ್ನು ಮತ್ತೆ ಹೂತು, ಕುಸಿದ ಮಣ್ಣನ್ನು ತುಂಬಿದ ಮೇಲೆಯೇ ಬೆಸುಗೆ.

ಮೂರನೆಯದು ಜೀರ್ಣ. ನೀರಿನಿಂದ ಮೇಲಿರುವ ಅಂಚು ವರ್ಷವೆಲ್ಲ ಬಿಸಿಲು ತಿನ್ನುತ್ತದೆ. ಅಲ್ಲಿಯ ಹಾಳೆಯನ್ನು ಮಡಿಚಿದಾಗ ಪಟಪಟನೆ ಮುರಿದರೆ ತೇಪೆಯ ಕಾಲ ಮುಗಿಯಿತು, ಹೊಸದನ್ನೇ ಹಾಸಬೇಕು. ಮೊದಲು ಹೇಳಿದ ಹೊಂಡಕ್ಕೆ, ಅಂಚು ಹೂಳುವ ಭಾಗವೂ ಸೇರಿ, ಸುಮಾರು 650 ಚದರ ಮೀಟರ್ ಹಾಳೆ ಬೇಕು. ಹಳೆಯದನ್ನು ಸುಡಬಾರದು, ಅದರಲ್ಲಿ ಗಟ್ಟಿಯಾಗಿರುವ ಭಾಗ ಹೊಸ ಹಾಳೆಯ ಅಡಿಯ ಮೆತ್ತೆಯಾಗಿಯೋ ಬಣವೆಯ ಹೊದಿಕೆಯಾಗಿಯೋ ಉಪಯೋಗಕ್ಕೆ ಬರುತ್ತದೆ.

ಈ ಕೆಲಸದಲ್ಲಿ ನೀರಿಗಿಂತ ದೊಡ್ಡದೊಂದು ಪಣಕ್ಕಿದೆ. ನೆನೆದ ಹಾಳೆ ಪಾಚಿಗಲ್ಲಿಗಿಂತ ನುಣುಪು. ಜಾರಿ ಬಿದ್ದವರಿಗೆ, ಈಜು ಬಲ್ಲವರಿಗೂ, ಮೇಲೇರಲು ಹಿಡಿ ಸಿಗುವುದಿಲ್ಲ. ಇಂತಹ ಹೊಂಡಗಳು ಮಕ್ಕಳನ್ನು ನುಂಗಿದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಆದುದರಿಂದ ರಿಪೇರಿಯೆಂದರೆ ಹಾಳೆಯೊಂದೇ ಅಲ್ಲ: ಮುರಿದ ಬೇಲಿ, ದಂಡೆಯ ಗೂಟಕ್ಕೆ ಕಟ್ಟಿ ನೀರಿಗಿಳಿಬಿಟ್ಟ ಗಂಟುಗಳ ಹಗ್ಗ, ತೇಲುವ ಟ್ಯೂಬು, ಇವೆಲ್ಲವೂ ಅದರಲ್ಲಿ ಸೇರಿವೆ. ಒಬ್ಬರೇ ಹೊಂಡಕ್ಕಿಳಿದು ತೇಪೆ ಹಾಕುವ ಸಾಹಸವೂ ಸಲ್ಲದು.

ಹೊಂಡ ತೋಡುವಾಗ ಹಾಳೆಯ ಬೆಲೆಯನ್ನು ಲೆಕ್ಕ ಹಾಕುವವರು ನಮ್ಮಲ್ಲಿ ಬಹಳ. ಅದನ್ನು ಸರಿಪಡಿಸುವ ಬೆಲೆಯನ್ನು ಅಂದೇ ಎಣಿಸುವವರು ವಿರಳ. ಊರಿನ ಸಹಕಾರ ಸಂಘವೊಂದು ಬಿಸಿಗಾಳಿಯ ಯಂತ್ರವನ್ನು ಕೊಂಡಿಟ್ಟು, ಇಬ್ಬರು ಯುವಕರಿಗೆ ಕೆಲಸ ಕಲಿಸಿ, ಹೊಂಡದ ಒಡೆಯರಿಂದ ಸುಗ್ಗಿಯಲ್ಲಿ ಅಷ್ಟಿಷ್ಟು ಸಂಗ್ರಹಿಸಿದರೆ ಅದೇ ಈ ಕಾಲದ ಬಿತ್ತುವಟ್ಟವಾದೀತು. ಕೆಲಸಕ್ಕೆ ತಕ್ಕ ಋತು ಬೇಸಗೆಯ ಕೊನೆ. ಹೊಂಡ ಬರಿದಾಗಿ, ಹಾಳೆ ಒಣಗಿ, ಮುಂಗಾರು ಇನ್ನೂ ಬೆಟ್ಟದ ಆಚೆಗಿರುವ ಆ ಕೆಲವು ದಿನಗಳನ್ನು ಕಳೆದುಕೊಳ್ಳಬಾರದು.